ಟೇಬಲ್‌ಗೆ ನಾಲ್ಕು ಸ್ಟಾರ್, ಆಟದ ನಡತೆಗೆ ಒಂದೇ: ನಮ್ಮ ಏರಿಯಾದ ಸ್ನೂಕರ್ ಪಾರ್ಲರ್

ಮೊದಲೇ ಹೇಳಿಬಿಡುತ್ತೇನೆ, ಟೇಬಲ್‌ಗಳು ಚೆನ್ನಾಗಿವೆ. ದಕ್ಷಿಣ ಬೆಂಗಳೂರಿನಲ್ಲಿ, ಒಂದು ಬೇಕರಿಯ ಮೇಲೆ, ಎರಡನೇ ಮಹಡಿಯಲ್ಲಿರುವ ಪಾರ್ಲರ್ ಇದು. ಹೆಸರು ಹಾಕುವುದಿಲ್ಲ. ಓನರ್ ಕೆಟ್ಟ ಮನುಷ್ಯರೇನೂ ಅಲ್ಲ, ಅವರ ವ್ಯಾಪಾರ ಕೆಡಿಸುವ ಆಸೆ ನನಗಿಲ್ಲ. ಆದರೆ ಒಂದು ವರ್ಷದಿಂದ ವಾರಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬಂದವನಾಗಿ ಇದನ್ನು ಬರೆಯಲೇಬೇಕು ಅನ್ನಿಸಿದೆ.

ಮೂರು ಸ್ನೂಕರ್ ಟೇಬಲ್, ನಾಲ್ಕು ಪೂಲ್ ಟೇಬಲ್ ಇವೆ. ಎರಡೂ ಕ್ಯೂ ಅನ್ನುವ ಉದ್ದ ಕೋಲಿನಿಂದ ಬಿಳಿ ಬಾಲ್ ಹೊಡೆದು, ಅದರಿಂದ ಬೇರೆ ಬಾಲ್‌ಗಳನ್ನು ಪಾಕೆಟ್‌ಗೆ ಬೀಳಿಸುವ ಆಟಗಳೇ, ಪೂಲ್ ಟೇಬಲ್ ಚಿಕ್ಕದು. ಸ್ನೂಕರ್ ಟೇಬಲ್‌ಗಳು ಪೂರ್ತಿ ಅಳತೆಯವು, 12 ಅಡಿ ಉದ್ದ, 6 ಅಡಿ ಅಗಲ, ಕೆಳಗೆ ದಪ್ಪ ಸ್ಲೇಟ್ ಕಲ್ಲು. ಹೋದ ದೀಪಾವಳಿ ಹೊತ್ತಿಗೆ ಬಟ್ಟೆ ಬದಲಾಯಿಸಿದ್ದಾರೆ. ಬೆಳಿಗ್ಗೆ ಬ್ರಷ್ ಹೊಡೆದು ಇಸ್ತ್ರಿ ಹಾಕುತ್ತಾರೆ, ನಾನೇ ಕಣ್ಣಾರೆ ನೋಡಿದ್ದೇನೆ. ಮೆಲ್ಲಗೆ ತಳ್ಳಿದ ಬಾಲ್ ನೆಟ್ಟಗೆ ಹೋಗಿ ನಿಲ್ಲುತ್ತದೆ, ಕೊನೆಯಲ್ಲಿ ಪಕ್ಕಕ್ಕೆ ವಾಲುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಕಡೆ ಆಡಿದ್ದೇನೆ, ಈ ಮಟ್ಟದ ಟೇಬಲ್ ಸಿಗುವುದು ಕಡಿಮೆ. ಲೈಟ್ ಸರಿಯಾಗಿದೆ, ನೆರಳು ಬೀಳುವುದಿಲ್ಲ. ಮನೆಯಿಂದ ಕ್ಯೂ ತರದವರಿಗೆ ಅಲ್ಲಿರುವ ಕ್ಯೂಗಳಲ್ಲಿ ಐದಾರು ನೆಟ್ಟಗಿವೆ, ತುದಿಯ ಟಿಪ್ ಕೂಡ ಪರವಾಗಿಲ್ಲ. ಕೆಳಗಿನ ಬೇಕರಿಯಿಂದ ಖಾರ ಬನ್ ವಾಸನೆ ಸಂಜೆ ಐದಕ್ಕೆಲ್ಲ ಮೇಲೆ ಬರುತ್ತದೆ, ಅದು ಬೋನಸ್.

ಇಷ್ಟೆಲ್ಲ ಇದ್ದೂ ಐದರಲ್ಲಿ ಎರಡೇ ಸ್ಟಾರ್ ಕೊಡುತ್ತಿದ್ದೇನೆ. ಅಲ್ಲಿ ಜನ ಆಡುವ ರೀತಿ ನೋಡಿ ನನಗೆ ನಿಜವಾಗಿಯೂ ಬೇಜಾರಾಗಿದೆ.

ಒಂದು ಶನಿವಾರ ಸಂಜೆಯ ಮಾತು ಹೇಳುತ್ತೇನೆ. ನನ್ನ ಜೊತೆ ಆಡುವ ಗೆಳೆಯ ಬಂದಿರಲಿಲ್ಲ. ಅಲ್ಲೇ ಕೂತಿದ್ದ ಒಬ್ಬ ಹುಡುಗ, ಇಪ್ಪತ್ತೈದರ ಆಸುಪಾಸು ಇರಬೇಕು, 'ಅಣ್ಣ ಒಂದು ಫ್ರೇಮ್ ಹಾಕೋಣ್ವಾ' ಅಂದ. ಫ್ರೇಮ್ ಅಂದರೆ ಒಂದು ಪೂರ್ತಿ ಆಟ. ಸರಿ ಅಂದೆ. ಚೆನ್ನಾಗಿಯೇ ಆಡುತ್ತಿದ್ದ. ಕೊನೆಗೆ ನಾನು 41, ಅವನು 38. ಟೇಬಲ್ ಮೇಲೆ ಬ್ಲೂ, ಪಿಂಕ್, ಬ್ಲ್ಯಾಕ್ ಬಾಲ್ ಮಾತ್ರ. ಅವನ ಸರದಿ. ಬ್ಲೂಗೆ ಹೊಡೆಯಲು ಟೇಬಲ್ ಮೇಲೆ ಉದ್ದಕ್ಕೆ ಬಾಗಿದ, ದೂರದ ಬಾಲ್‌ಗೆ ಕ್ಯೂ ಆನಿಸಿ ಹೊಡೆಯುವ ರೆಸ್ಟ್ ತಗೊಳ್ಳಲಿಲ್ಲ. ಅವನ ಅಂಗಿಯ ತೋಳು ಪಿಂಕ್‌ಗೆ ತಾಗಿತು. ಪಿಂಕ್ ಒಂದು ಬೆರಳಿನಷ್ಟು ಉರುಳಿ ನಿಂತಿತು. ಅವನು ಪಿಂಕ್ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಆಮೇಲೆ ತಲೆ ಬಗ್ಗಿಸಿ ಬ್ಲೂ ಹೊಡೆದ. ಬ್ಲೂ ಪಾಕೆಟ್‌ಗೆ ಬಿತ್ತು.

'ತೋಳು ತಾಗ್ತಲ್ಲ' ಅಂದೆ.

'ಎಲ್ಲಿ ತಾಗಿದೆ ಅಣ್ಣ? ಇಲ್ಲಪ್ಪ.'

ಅಷ್ಟೇ. ಪಿಂಕ್ ಕೂಡ ಹೊಡೆದ. ಬ್ಲೂಗೆ 5, ಪಿಂಕ್‌ಗೆ 6 ಸೇರಿ ಅವನಿಗೆ 49, ನನಗೆ 41. ಬ್ಲ್ಯಾಕ್ ಒಂದೇ ಉಳಿದಿದ್ದು, ಅದು 7 ಪಾಯಿಂಟ್, ನಾನು 8 ಹಿಂದೆ, ಮುಗೀತು. ಸರಿಯಾಗಿ ನಡೆದಿದ್ದರೆ ಏನಾಗುತ್ತಿತ್ತು ಅಂದರೆ, ಪಿಂಕ್ ಅಲ್ಲಾಡಿದ್ದಕ್ಕೆ ಫೌಲ್, ನನಗೆ 6 ಪಾಯಿಂಟ್, ಅವನ ಬ್ಲೂ ಲೆಕ್ಕಕ್ಕಿಲ್ಲ, ಅಂದರೆ 47ಕ್ಕೆ 38 ಆಗಿ ಸರದಿ ನನ್ನದು. ನಾನೇ ಗೆಲ್ಲುತ್ತಿದ್ದೆ ಅಂತ ಹೇಳುತ್ತಿಲ್ಲ. ಮೂರು ಬಾಲ್ ಇನ್ನೂ ಇದ್ದವು, ಏನು ಬೇಕಾದರೂ ಆಗಬಹುದಿತ್ತು. ಆದರೆ ಆ ಹುಡುಗ ನನ್ನ ಮುಖ ನೋಡಿದನಲ್ಲ, 'ಇವರು ನೋಡಿದ್ರಾ ಇಲ್ವಾ' ಅಂತ ಒಂದು ಕ್ಷಣ ಲೆಕ್ಕ ಹಾಕಿದನಲ್ಲ, ಅದು ನನಗೆ ಇವತ್ತಿಗೂ ಮರೆಯುತ್ತಿಲ್ಲ.

ಸ್ನೂಕರ್ ಗೊತ್ತಿಲ್ಲದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಸಣ್ಣದಲ್ಲ. ಈ ಆಟದಲ್ಲಿ ನನ್ನ ಫೌಲ್ ನಾನೇ ಹೇಳಬೇಕು. ಟಿವಿಯಲ್ಲಿ ದೊಡ್ಡ ಟೂರ್ನಮೆಂಟ್ ನೋಡಿದವರಿಗೆ ಗೊತ್ತಿರುತ್ತದೆ, ರೆಫರಿ ಪಕ್ಕದಲ್ಲೇ ನಿಂತಿದ್ದು ಅವರ ಕಣ್ಣಿಗೆ ಬೀಳದೇ ಇದ್ದರೂ ಆಟಗಾರ ತಾನೇ ಎದ್ದು ನಿಂತು, ತಾಗಿತು ಅಂತ ಹೇಳಿ ಹೋಗಿ ಕೂತುಬಿಡುತ್ತಾನೆ. ಲಕ್ಷಾಂತರ ಪೌಂಡ್ ಬಹುಮಾನ ಇರುವ ಕಡೆಯೂ ಹಾಗೆ ಹೇಳುತ್ತಾರೆ. ಕ್ರಿಕೆಟ್‌ನಲ್ಲಿ ಬ್ಯಾಟಿಗೆ ತಾಗಿದ್ದರೂ ಅಂಪೈರ್ ಬೆರಳು ಎತ್ತುವ ತನಕ ನಿಲ್ಲುವುದನ್ನು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಸ್ನೂಕರ್‌ನಲ್ಲಿ ಅದು ನಡೆಯುವುದಿಲ್ಲ. ನಾನು ಈ ಆಟಕ್ಕೆ ಮನಸೋತಿದ್ದೇ ಅದಕ್ಕೆ.

ಅದೂ ಅಲ್ಲದೆ ಇದೇನೂ ಎಲ್ಲೋ ದೂರದ ಆಟ ಅಲ್ವಲ್ಲ. 1875ರಲ್ಲಿ ಜಬಲ್ಪುರದಲ್ಲಿ ಬ್ರಿಟಿಷ್ ಸೈನ್ಯದ ಅಧಿಕಾರಿಗಳು ಮಳೆಗಾಲದಲ್ಲಿ ಹೊತ್ತು ಹೋಗದೆ ಶುರು ಮಾಡಿದ್ದು ಅಂತ ಹೇಳುತ್ತಾರೆ, ಆಮೇಲೆ ಅದರ ನಿಯಮ ಬರೆದು ಗೋಡೆಗೆ ಹಾಕಿದ್ದು ಊಟಿ ಕ್ಲಬ್ಬಿನಲ್ಲಿ. ಮೈಸೂರಿನಿಂದ ಬಂಡೀಪುರ ದಾಟಿದರೆ ಊಟಿ, ಅಷ್ಟು ಹತ್ತಿರ. ಇನ್ನು ನಮ್ಮ ಬೆಂಗಳೂರಿನ ವಿಷಯ ಕೇಳಲೇಬೇಡಿ. ಪಂಕಜ್ ಅಡ್ವಾಣಿ ಇಲ್ಲೇ ಬೆಳೆದದ್ದು, ಕೋಚ್ ಅರವಿಂದ್ ಸವೂರ್ ಅವರ ಕೈಯಲ್ಲಿ ಕಲಿತದ್ದು, 2003ರಲ್ಲಿ ಚೀನಾಕ್ಕೆ ಹೋಗಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದು ಬಂದಾಗ ಅವರಿಗೆ ಇನ್ನೂ 18 ವರ್ಷ. 2006 ಮತ್ತು 2010, ಎರಡು ಏಷ್ಯನ್ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್, ಅಂದರೆ ಇದೇ ಟೇಬಲ್ ಮೇಲೆ ಆಡುವ ಇನ್ನೊಂದು ಆಟದಲ್ಲಿ ಚಿನ್ನ. ಇಂಥ ಊರಿನಲ್ಲಿ ಕೂತು ಅಂಗಿ ತೋಳಿಗೆ ತಾಗಿದ ಬಾಲನ್ನು ಇಲ್ಲ ಅನ್ನುವುದು ನನಗೆ ಸಹಿಸಲು ಆಗುವುದಿಲ್ಲ.

ಈಗ ಅಸಲಿ ಕಾರಣಕ್ಕೆ ಬರುತ್ತೇನೆ. ಆ ಹುಡುಗನನ್ನು ಬೈದು ಮುಗಿಸುವುದು ಸುಲಭ. ಆದರೆ ಕೌಂಟರ್ ಹಿಂದೆ ಒಂದು ಬೋರ್ಡ್ ಇದೆ: 'ಟೇಬಲ್ ಚಾರ್ಜ್ ಸೋತವರೇ ಕೊಡಬೇಕು'. ನಮ್ಮ ಕಡೆ ಎಷ್ಟೋ ಪಾರ್ಲರ್‌ಗಳಲ್ಲಿ ಇದು ಮಾತಿನ ಮೇಲಿನ ಪದ್ಧತಿ, ಇಲ್ಲಿ ಅದನ್ನು ಪ್ರಿಂಟ್ ಹಾಕಿಸಿ ಅಂಟಿಸಿದ್ದಾರೆ. ಸ್ನೂಕರ್‌ಗೆ ನಿಮಿಷಕ್ಕೆ 4 ರೂಪಾಯಿ. ಆ ಫ್ರೇಮ್ 36 ನಿಮಿಷ ನಡೆಯಿತು, ಅಂದರೆ 144 ರೂಪಾಯಿ. ನನಗೆ ಅದು ದೊಡ್ಡದಲ್ಲ. ಪಿಜಿಯಲ್ಲಿ ಇದ್ದುಕೊಂಡು, ತಿಂಗಳ ಕೊನೆಗೆ ಕೈ ಖಾಲಿ ಮಾಡಿಕೊಂಡು ಆಡಲು ಬರುವ ಹುಡುಗನಿಗೆ ಅದು ಎರಡು ಊಟ. ಅವನು ಪಿಂಕ್ ನೋಡಿ ನನ್ನ ಮುಖ ನೋಡಿದಾಗ ಅವನ ತಲೆಯಲ್ಲಿ ಓಡಿದ್ದು ಆ ಮೀಟರ್ ಇರಬೇಕು. ಅವನು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ. ಆದರೆ ಸುಳ್ಳು ಹೇಳಿದರೆ 144 ರೂಪಾಯಿ ಉಳಿಯುತ್ತದೆ ಅನ್ನುವ ಏರ್ಪಾಡನ್ನು ಅಂಗಡಿಯೇ ಮಾಡಿಟ್ಟಿದೆ.

ಈ ನಿಮಿಷದ ಲೆಕ್ಕದಲ್ಲಿ ಇನ್ನೊಂದು ಕೇಡು ಇದೆ, ಅದು ನನಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಮುಂದೆ ಇರುವವನಿಗೆ ಅವಸರವೇ ಇಲ್ಲ, ಯಾಕಂದ್ರೆ ದುಡ್ಡು ಅವನದಲ್ಲ. 40 ಪಾಯಿಂಟ್ ಮುಂದಿರುವವನು ಟೇಬಲ್ ಸುತ್ತ ಎರಡು ಸುತ್ತು ಹಾಕುತ್ತಾನೆ, ಚಾಕ್ ಹಚ್ಚುತ್ತಾನೆ, ಫೋನ್ ನೋಡುತ್ತಾನೆ, ಮತ್ತೆ ಚಾಕ್ ಹಚ್ಚುತ್ತಾನೆ, ಪಾಕೆಟ್‌ಗೆ ಹಾಕುವ ಬದಲು ಸುಮ್ನೆ ಬಾಲ್ ತಳ್ಳುತ್ತಾ ಎದುರಿನವನ ದುಡ್ಡಿನಲ್ಲಿ ಪ್ರಾಕ್ಟೀಸ್ ಮಾಡುತ್ತಾನೆ. ಸೋಲುತ್ತಿರುವವನು ಮೀಟರ್ ನೋಡುತ್ತಾ ಗಡಿಬಿಡಿಯಲ್ಲಿ ಹೊಡೆದು ಇನ್ನಷ್ಟು ಸೋಲುತ್ತಾನೆ. ಕೊನೆಗೆ ತಾಳ್ಮೆ ಕೆಟ್ಟು ಕ್ಯೂನಿಂದ ಎಲ್ಲಾ ಬಾಲ್ ಒಟ್ಟಿಗೆ ಬಾಚಿ ಎಳೆದು 'ಮುಗೀತು ಬಿಡು ಮಗಾ' ಅಂತಾನೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸೋಲು ಒಪ್ಪಿಕೊಳ್ಳುವುದು ತಪ್ಪಲ್ಲ, ಒಂದು ಕೈ ಕುಲುಕಿ ಒಪ್ಪಿಕೊಳ್ಳಬಹುದು. ಹಾಗೆ ಬಾಚಿ ಎಳೆಯುವುದರಲ್ಲಿ ಕೋಪ ಇರುತ್ತದೆ. ಒಂದು ಸಲ ಆ ಕೋಪದಲ್ಲಿ ಕ್ಯೂ ತುದಿ ಬಟ್ಟೆಗೆ ಚುಚ್ಚಿ ಎರಡನೇ ಟೇಬಲ್‌ನಲ್ಲಿ ಒಂದು ಗೆರೆ ಹರಿದಿದೆ, ಹೋದವರು ನೋಡಬಹುದು, ಹಳದಿ ಬಾಲ್ ಇಡುವ ಜಾಗದ ಹತ್ತಿರ.

ಪೂಲ್ ಟೇಬಲ್ ಕಡೆ ಇನ್ನೂ ಗಲಾಟೆ. ಅಲ್ಲಿ ನಿಯಮವೇ ಗಂಟೆಗೊಂದು. ಎಂಟನೇ ನಂಬರಿನ ಬಾಲ್ ಯಾವ ಪಾಕೆಟ್‌ಗೆ ಅಂತ ಮೊದಲೇ ಹೇಳಬೇಕಾ ಬೇಡ್ವಾ, ಫೌಲ್ ಆದರೆ ಬಿಳಿ ಬಾಲ್ ಎಲ್ಲಿ ಬೇಕಾದರೂ ಇಡಬಹುದಾ ಅಥವಾ ಹಿಂದಿನ ಗೆರೆಯ ಆಚೆ ಮಾತ್ರವಾ, ಎರಡು ಹೊಡೆತ ಸಿಗುತ್ತಾ ಒಂದಾ. ಅಂತರರಾಷ್ಟ್ರೀಯ ನಿಯಮದಲ್ಲಿ ಇದಕ್ಕೆಲ್ಲ ನೇರ ಉತ್ತರ ಇದೆ, ಫೌಲ್ ಆದರೆ ಎದುರಿನವರು ಬಿಳಿ ಬಾಲನ್ನು ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಬೇರೆ ರೂಲ್ ಹಾಕಿಕೊಂಡು ಆಡಿದರೂ ತಪ್ಪೇನಿಲ್ಲ, ಆಟ ಶುರುವಾಗುವ ಮೊದಲು ಮಾತಾಡಿಕೊಂಡರೆ ಆಯಿತು. ಇಲ್ಲಿ ಮಾತಾಡುವುದು ಫೌಲ್ ಆದ ಮೇಲೆ. ಯಾರಿಗೆ ಯಾವ ರೂಲ್ ಅನುಕೂಲವೋ ಅದು ಆ ಹೊತ್ತಿನ ರೂಲ್. ಜೋರಾಗಿ ಕೂಗಿದವನು ಗೆದ್ದ.

ಬಿಳಿ ಬಾಲ್ ಮತ್ತು ಹೊಡೆಯಬೇಕಾದ ಬಾಲ್ ತೀರಾ ಹತ್ತಿರ ಇದ್ದಾಗ ಇನ್ನೊಂದು ಮೋಸ ನಡೆಯುತ್ತದೆ. ನೇರವಾಗಿ ತಳ್ಳಿದರೆ ಟಿಪ್ ಬಿಳಿ ಬಾಲಿಗೆ ಎರಡು ಸಲ ತಾಗುತ್ತದೆ, ಅದು ಫೌಲ್. ಕಂಡುಹಿಡಿಯುವುದು ಕಷ್ಟವೇನಲ್ಲ. ಎದುರಿನ ಬಾಲ್ ಹೊರಟ ತಕ್ಷಣ ಬಿಳಿ ಬಾಲ್ ಕೂಡ ತಡವಿಲ್ಲದೆ ಅದೇ ವೇಗದಲ್ಲಿ ಹಿಂದೆಯೇ ಓಡಿದರೆ ಎರಡು ಸಲ ತಾಗಿದೆ ಅಂತಲೇ ಅರ್ಥ. ಇದನ್ನು ಹೇಳಿದರೆ 'ಹೋಗ್ಲಿ ಬಿಡಿ ಅಂಕಲ್, ನೀವು ಸ್ನೂಕರ್‌ನವರು' ಅಂತ ಉತ್ತರ ಬರುತ್ತದೆ.

ಗಮನ ಕೆಡಿಸುವ ಆಟ ಬೇರೆ. ನೀವು ಬಾಗಿ ಗುರಿ ಇಡುವ ಹೊತ್ತಿಗೆ ಸರಿಯಾಗಿ ಎದುರಿನವನು ಆ ಪಾಕೆಟ್ ಹಿಂದೆಯೇ ಬಂದು ನಿಲ್ಲುತ್ತಾನೆ. ಬೈಕ್ ಕೀ ಅಲ್ಲಾಡಿಸುತ್ತಾನೆ. ಕ್ಯೂ ಹಿಂದಕ್ಕೆ ಎಳೆದಾಗ ಕೆಮ್ಮುತ್ತಾನೆ. ಸ್ಪೀಕರ್ ಹಾಕಿಕೊಂಡು ರೀಲ್ಸ್ ನೋಡುತ್ತಾನೆ. ಸ್ನೂಕರ್ ನಿಯಮದಲ್ಲೇ ಇದೆ, ಹೊಡೆಯುವವರ ಕಣ್ಣಿನ ಸಾಲಿನಲ್ಲಿ ನಿಲ್ಲಬಾರದು, ಓಡಾಡಬಾರದು, ಟೇಬಲ್‌ನಿಂದ ದೂರ ಕೂರಬೇಕು ಅಥವಾ ನಿಲ್ಲಬೇಕು. ಕೂರೋಣ ಅಂದರೆ ಈ ಪಾರ್ಲರ್‌ನಲ್ಲಿ ಟೇಬಲ್ ಪಕ್ಕ ಕುರ್ಚಿಯೇ ಇಲ್ಲ. ಎಲ್ಲಾ ಕುರ್ಚಿ ತೆಗೆದು ಹೋಗಿ ಕೌಂಟರ್ ಮುಂದೆ ಕೂಲ್ ಡ್ರಿಂಕ್ಸ್ ಕುಡಿಯುವವರಿಗೆ ಹಾಕಿದ್ದಾರೆ. ಸ್ನೂಕರ್ ಟೇಬಲ್‌ಗೆ ಎರಡರಂತೆ ಆರು ಕುರ್ಚಿ ಹಾಕಿದರೆ ಅರ್ಧ ಕಿರಿಕಿರಿ ಕಡಿಮೆಯಾಗುತ್ತದೆ, ನಿಜ ಹೇಳುತ್ತಿದ್ದೇನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ನನ್ನ ಚಿಕ್ಕಪ್ಪನ ಮಗಳನ್ನು ಕರೆದುಕೊಂಡು ಹೋದ ದಿನ. ಅವಳು ಕಾಲೇಜಿನಲ್ಲಿ ಪೂಲ್ ಆಡಿದವಳು, ಸ್ನೂಕರ್ ಕಲಿಯಬೇಕು ಅಂತ ಆಸೆ. ಮೂರನೇ ಟೇಬಲ್ ತಗೊಂಡೆವು. ಹತ್ತು ನಿಮಿಷದಲ್ಲಿ ಪಕ್ಕದ ಟೇಬಲ್‌ನ ನಾಲ್ಕು ಜನ ಆಟ ಬಿಟ್ಟು ಬಂದು ನಿಂತರು. ಅವಳು ಬಾಗಿದರೆ ನಗು, ತಪ್ಪಿದರೆ ಚಪ್ಪಾಳೆ. ಒಬ್ಬ ಬಂದು ಕೇಳದೇ ಅವಳ ಕೈ ಹಿಡಿದು 'ಹೀಗಲ್ಲ, ಹೀಗೆ ಹಿಡೀಬೇಕು' ಅಂತ ತೋರಿಸಲು ಹೋದ. 'ಕೈ ಬಿಡಿ' ಅಂದಳು. ಅವನು ನಕ್ಕ. ನಾನು ಕೌಂಟರ್‌ಗೆ ಹೋಗಿ ಹೇಳಿದೆ. ಅಲ್ಲಿದ್ದ ಹುಡುಗ 'ರೆಗ್ಯುಲರ್ ಕಸ್ಟಮರ್ ಸರ್, ಅಡ್ಜಸ್ಟ್ ಮಾಡ್ಕೊಳ್ಳಿ' ಅಂದ. ಅವಳು ಆಮೇಲೆ ಅಲ್ಲಿಗೆ ಬಂದಿಲ್ಲ. ನಮ್ಮದೇ ರಾಜ್ಯದ ಉಮಾದೇವಿ ಸರ್ಕಾರಿ ಕೆಲಸ ಮಾಡಿಕೊಂಡೇ ಆಡಿ 2012ರಲ್ಲಿ ಮಹಿಳಾ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಆದವರು. ಇನ್ನೊಬ್ಬ ದೊಡ್ಡ ಆಟಗಾರ್ತಿ ಚಿತ್ರಾ ಮಗಿಮೈರಾಜ್ ಕೂಡ ಇಲ್ಲಿಯವರೇ. ಅವರ ಹೆಸರು ಆ ಪಾರ್ಲರ್‌ನಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತಿದ್ದರೆ ಈಗಿನ ಸ್ಥಿತಿಯಲ್ಲಿ ಸಂಜೆ ಹೊತ್ತು ಖಂಡಿತ ಬೇಡ. ಇದನ್ನು ಬರೆಯಬೇಕಾಗಿ ಬಂದಿದ್ದಕ್ಕೇ ನನಗೆ ಸಿಟ್ಟಿದೆ.

ಗೋಡೆ ಮೇಲೆ ಇಂಗ್ಲೆಂಡಿನ ಸ್ನೂಕರ್ ಆಟಗಾರ ರಾನಿ ಓ'ಸಲಿವನ್ ಅವರ ದೊಡ್ಡ ಪೋಸ್ಟರ್ ಇದೆ. ಅಲ್ಲಿನ ಹುಡುಗರಿಗೆ ಅವರೇ ದೇವರು, ನನಗೂ ಇಷ್ಟ. ಬಾಲ್ ಬಾಚಿ ಎಳೆದವನಿಗೆ ಒಂದು ದಿನ ಯಾಕೆ ಹಾಗೆ ಮಾಡ್ತೀಯ ಅಂತ ಕೇಳಿದ್ದಕ್ಕೆ 'ರಾನಿನೇ ಮ್ಯಾಚ್ ಮಧ್ಯ ಎದ್ದು ಹೋಗಿಲ್ವಾ' ಅಂದ. ಹೋಗಿದ್ದು ನಿಜ. 2006ರ ಯುಕೆ ಚಾಂಪಿಯನ್‌ಶಿಪ್ ಕ್ವಾರ್ಟರ್ ಫೈನಲ್, ಎದುರಿಗೆ ಸ್ಟೀಫನ್ ಹೆಂಡ್ರಿ. 9 ಫ್ರೇಮ್ ಗೆಲ್ಲಬೇಕಾದ ಪಂದ್ಯ, 4-1 ಹಿಂದಿದ್ದಾಗ ಒಂದು ಹೊಡೆತ ತಪ್ಪಿತು, ಕೈ ಕುಲುಕಿ ಹೊರಟುಬಿಟ್ಟರು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅವರಿಗೆ 20,800 ಪೌಂಡ್ ದಂಡ ಬಿತ್ತು. ಅಷ್ಟು ದೊಡ್ಡ ಆಟಗಾರ, ಜನ ಟಿಕೆಟ್ ತಗೊಂಡು ಬರುವುದೇ ಅವರಿಗಾಗಿ, ಆದರೂ ಬಿಡಲಿಲ್ಲ. ಆ ಹುಡುಗನಿಗೆ ಇದನ್ನು ಹೇಳಿದೆ. ಅವನಿಗೆ ದಂಡದ ವಿಷಯ ಗೊತ್ತೇ ಇರಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದ.

ಇದೇ ಬೆಂಗಳೂರಿನಲ್ಲಿ ಹತ್ತು ವರ್ಷದ ಹಿಂದೆ ನಾನು ಕಲಿತ ಜಾಗ ಹೀಗಿರಲಿಲ್ಲ, ಅದಕ್ಕೇ ಹೋಲಿಕೆ ಮಾಡದೇ ಇರಲು ಆಗುತ್ತಿಲ್ಲ. ಹಳೇ ಕಟ್ಟಡ, ಟೇಬಲ್ ಇಷ್ಟು ಚೆನ್ನಾಗಿರಲಿಲ್ಲ, ಒಂದು ಮೂಲೆ ಪಾಕೆಟ್ ಕಡೆ ಬಾಲ್ ವಾಲುತ್ತಿತ್ತು. ಆದರೆ ಒಬ್ಬ ಮಾರ್ಕರ್ ಇದ್ದರು. ಅರವತ್ತು ದಾಟಿದವರು, ಬಿಳಿ ಶರ್ಟು, ಕಾಲಿಗೆ ಹವಾಯಿ ಚಪ್ಪಲಿ. ಸ್ಕೋರ್ ಹೇಳುವುದು, ಕಲರ್ ಬಾಲ್ ತೆಗೆದು ಜಾಗಕ್ಕೆ ಇಡುವುದು, ರೆಸ್ಟ್ ಕೊಡುವುದು, ಎಲ್ಲಾ ಅವರೇ. ಮಾತು ಬಹಳ ಕಡಿಮೆ. ನಾನು ಹೊಸಬ, ಒಂದು ಸಲ ಹಾಗೇ ತೋಳು ತಾಗಿಸಿ ಗೊತ್ತಿಲ್ಲದವನ ಹಾಗೆ ಹೊಡೆದೆ. ಅವರು ಏನೂ ಕೂಗಲಿಲ್ಲ. ಬಾಲ್ ತೆಗೆದು ಮೊದಲಿದ್ದ ಜಾಗಕ್ಕೆ ಇಟ್ಟರು, ನನ್ನ ಕಡೆ ನೋಡಿ 'ಹೇಳ್ಬೇಕಪ್ಪ' ಅಂದರು. ಅಷ್ಟೇ ಮಾತು. ಅವತ್ತಿನಿಂದ ಇವತ್ತಿನವರೆಗೂ ನಾನು ಹೇಳದೇ ಬಿಟ್ಟಿಲ್ಲ.

ಬೇಕಂತಲೇ ತಪ್ಪು ಹೊಡೆಯುವವರಿಗೂ ಅವರ ಹತ್ತಿರ ಉಪಾಯ ಇತ್ತು. ಸ್ನೂಕರ್‌ನಲ್ಲಿ ಹೊಡೆಯಬೇಕಾದ ಬಾಲ್‌ಗೆ ನೇರ ದಾರಿ ಇಲ್ಲದ ಹಾಗೆ ಎದುರಿನವರು ನಿಮ್ಮನ್ನು ಅಡ್ಡ ಸಿಕ್ಕಿಸಿದಾಗ, ಕುಷನ್‌ಗೆ (ಟೇಬಲ್ ಅಂಚಿಗೆ) ಹೊಡೆದೋ ಸುತ್ತಿಸಿಯೋ ಬಾಲ್ ಮುಟ್ಟಿಸಲು ನಿಜವಾದ ಪ್ರಯತ್ನ ಮಾಡಬೇಕು. ಕಾಟಾಚಾರಕ್ಕೆ ಹೊಡೆದು 4 ಪಾಯಿಂಟ್ ಹೋದರೆ ಹೋಗಲಿ ಅಂತ ಬಿಳಿ ಬಾಲನ್ನು ಒಳ್ಳೇ ಜಾಗಕ್ಕೆ ಕಳಿಸಿಕೊಳ್ಳುವವರು ಇರುತ್ತಾರೆ. ಅದನ್ನು ತಡೆಯಲಿಕ್ಕೇ 'ಮಿಸ್' ಅನ್ನುವ ನಿಯಮ ಇರುವುದು. ಫೌಲ್ ಜೊತೆಗೆ ಮಿಸ್ ಅಂತ ರೆಫರಿ ಹೇಳಿದರೆ, ಎದುರಿನವರು ಬೇಕೆಂದರೆ ಬಾಲ್‌ಗಳನ್ನು ಮೊದಲಿನ ಹಾಗೇ ಇಡಿಸಿ ಮತ್ತೆ ಅದೇ ಹೊಡೆತ ಹೊಡೆಸಬಹುದು. ಆ ಮಾರ್ಕರ್‌ಗೆ ಯಾವ ಬಾಲ್ ಎಲ್ಲಿತ್ತು ಅಂತ ಕಣ್ಣಲ್ಲೇ ನೆನಪಿರುತ್ತಿತ್ತು. ಇಲ್ಲಿ, ಈ ಹೊಸ ಪಾರ್ಲರ್‌ನಲ್ಲಿ, ಮಾರ್ಕರ್ ಇಲ್ಲವೇ ಇಲ್ಲ. ಸ್ಕೋರ್ ತೋರಿಸಲು ಒಂದು ಟ್ಯಾಬ್ ಇದೆ, ಅದನ್ನು ಒತ್ತುವುದೂ ಆಡುವವರೇ. ಎರಡು ಪಾಯಿಂಟ್ ಜಾಸ್ತಿ ಒತ್ತಿಕೊಂಡವರನ್ನೂ ನೋಡಿದ್ದೇನೆ.

ಹೋದ ವಾರ ಓನರ್ ಸಿಕ್ಕಿದ್ದರು. ಕೂತು ಅರ್ಧ ಗಂಟೆ ಮಾತಾಡಿದೆ, ಜಗಳ ಆಡಲಿಲ್ಲ. ಸಮಾಧಾನವಾಗಿ ಕೇಳಿಸಿಕೊಂಡರು. 'ಮಾರ್ಕರ್ ಇಟ್ರೆ ಸಂಬಳ ಯಾರು ಕೊಡ್ತಾರೆ ಸರ್, ಬಾಡಿಗೆನೇ ಕಟ್ಟೋಕಾಗ್ತಿಲ್ಲ' ಅಂದರು. ಅದೂ ನಿಜವೇ. ಏಳು ಟೇಬಲ್ ಇಡುವಷ್ಟು ಜಾಗಕ್ಕೆ ಈ ಊರಿನಲ್ಲಿ ಎಷ್ಟು ಬಾಡಿಗೆ ಅಂತ ನಮಗೆ ಗೊತ್ತಿಲ್ವಾ. ಅದಕ್ಕೆ ದುಡ್ಡು ಖರ್ಚಾಗದ ವಿಷಯ ಮಾತ್ರ ಕೇಳಿಕೊಂಡೆ. ಆ ಬೋರ್ಡ್ ತೆಗೆದು ಚಾರ್ಜ್ ಇಬ್ಬರೂ ಅರ್ಧ ಅರ್ಧ ಕೊಡುವ ಪದ್ಧತಿ ಮಾಡಿ, ಮಧ್ಯ ಮಧ್ಯ ಪಂತ ಕಟ್ಟಿಕೊಳ್ಳುವವರು ಅದನ್ನು ಹೊರಗೆ ಇಟ್ಟುಕೊಳ್ಳಲಿ. ಪೂಲ್‌ನ ನಿಯಮ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ, ನಾನೇ ಬರೆದುಕೊಡುತ್ತೇನೆ ಅಂದೆ. ಕುರ್ಚಿ ವಾಪಸ್ ಹಾಕಿ. ಹೆಣ್ಣುಮಕ್ಕಳ ಮೈಮೇಲೆ ಬೀಳುವವರನ್ನು, ಎಷ್ಟೇ ರೆಗ್ಯುಲರ್ ಆದರೂ, ಅವತ್ತೇ ಮೆಟ್ಟಿಲು ಇಳಿಸಿ. ನಿಯಮದ ಹಾಳೆಗೆ ಹೂಂ ಅಂದರು, ಕುರ್ಚಿಗೂ ಹೂಂ ಅಂದರು. ಕೊನೆಯ ಮಾತಿಗೆ 'ಕೌಂಟರ್ ಹುಡುಗನಿಗೆ ಹೇಳ್ತೀನಿ' ಅಂದರು. ಬೋರ್ಡ್ ಬಗ್ಗೆ 'ನೋಡೋಣ' ಅಂತಷ್ಟೇ.

ಹಾಳೆ ಬರೆದು ಕೊಟ್ಟು ಬಂದಿದ್ದೇನೆ, ಎರಡು ಪುಟ ಆಗಿದೆ. ಇನ್ನೂ ಅಂಟಿಸಿಲ್ಲ.

ಹೋಗುವವರಿಗೆ: ವಾರದ ದಿನ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ತನಕ ಜನ ಕಡಿಮೆ, ಆ ಹೊತ್ತಿಗೆ ಹೋಗಿ. ಮೂರನೇ ಸ್ನೂಕರ್ ಟೇಬಲ್ ಕೇಳಿ, ಅದು ಎಲ್ಲಕ್ಕಿಂತ ಸಮ ಇದೆ, ಮೂಲೆಯಲ್ಲಿ ಇರುವುದರಿಂದ ಆ ಹೊತ್ತಿನಲ್ಲಿ ಹಿಂದೆ ಬಂದು ನಿಲ್ಲುವವರೂ ಇರುವುದಿಲ್ಲ. ನಿಮ್ಮ ಪರಿಚಯದವರ ಜೊತೆಯೇ ಆಡಿ, ಚಾರ್ಜ್ ಅರ್ಧ ಅರ್ಧ ಅಂತ ಮೊದಲೇ ಕೌಂಟರ್‌ನಲ್ಲಿ ಹೇಳಿ, ಹೇಳಿದರೆ ಬಿಲ್ ಹಾಗೇ ಮಾಡಿ ಕೊಡುತ್ತಾರೆ. ಚಾಕ್ ನಿಮ್ಮದೇ ತಗೊಂಡು ಹೋಗಿ, ಅಲ್ಲಿರುವುದು ಪುಡಿಪುಡಿ. ಗಾಡಿ ನಿಲ್ಲಿಸಲು ಬೇಕರಿ ಮುಂದೆ ಜಾಗ ಸಿಗುವುದಿಲ್ಲ, ಹಿಂದಿನ ಅಡ್ಡರಸ್ತೆಯಲ್ಲಿ ಹಾಕಿ. ಆ ಬೋರ್ಡ್ ಇಳಿದ ದಿನ ನಾನೇ ಬಂದು ಈ ಎರಡು ಸ್ಟಾರ್ ತಿದ್ದುತ್ತೇನೆ.